ವಾಟ್ನಿ (ಪಾಲು) ಪತ್ರದಲ್ಲಿ ದಾರಿ, ನೀರು ಎರಡನ್ನೂ ಬರೆಸಿ

ಪ್ರಶ್ನೆ: ಸರ್, ನಮ್ಮದು 4 ಎಕರೆ 20 ಗುಂಟೆ ಕಬ್ಬಿನ ಹೊಲ. ಉತಾರ (ಪಹಣಿ) ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ನಾನು, ತಮ್ಮ ಬಾಯಿಮಾತಲ್ಲೇ ಹಂಚಿಕೊಂಡಿದ್ದೇವೆ. ಬಾವಿ ನನ್ನ ಕಡೆ, ರಸ್ತೆ ಅವನ ಕಡೆ. ಅಕ್ಕನನ್ನು ಜಮಖಂಡಿಗೆ ಕೊಟ್ಟಿದ್ದೇವೆ. ತಮ್ಮ ರಸ್ತೆ ಬದಿಯ 10 ಗುಂಟೆ ಪ್ಲಾಟ್ ಮಾಡಿ ಮಾರುತ್ತಾನಂತೆ, ಪಂಚಾಯಿತಿ ಠರಾವು ಸಾಕಂತೆ. ಹೌದಾ?
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಸಾಕಾಗುವುದಿಲ್ಲ. ಪಂಚಾಯಿತಿ ಠರಾವಿನಿಂದ ಹೊಲ ಪ್ಲಾಟ್ ಆಗುವುದಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಮೊದಲು ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಬೇಕು, ಆಮೇಲೆ ಲೇಔಟ್ ಮಂಜೂರಾಗಬೇಕು. ಅಲ್ಲಿಯವರೆಗೆ ಯಾರ ಹತ್ತಿರವೂ ಮುಂಗಡ ತೆಗೆದುಕೊಳ್ಳಬೇಡಿ ಎಂದು ತಮ್ಮನಿಗೆ ಹೇಳಿ.

ನನಗೆ ಜಾಸ್ತಿ ಚಿಂತೆ ನಿಮ್ಮ ದಾರಿಯದ್ದು. ಆ 10 ಗುಂಟೆ ಹೊರಗಿನವರ ಕೈಗೆ ಹೋದರೆ ನಿಮ್ಮ ಕಬ್ಬು ಹೊರಗೆ ಬರುವುದು ಎಲ್ಲಿಂದ? ಲೋಡ್ ತುಂಬಿದ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ತಿರುಗುವಷ್ಟು ಜಾಗ ಬೇಕಲ್ವಾ? ಸರ್ವೇಯರ್ ಆಗಿದ್ದಾಗ ಇಂಥ ಜಗಳ ಬಹಳ ನೋಡಿದ್ದೇನೆ. ಊರಿನ ಹಳೆಯ ಬಂಡಿ ದಾರಿ ಗ್ರಾಮ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿ ಸಿಗುತ್ತದೆ. ಅಣ್ಣತಮ್ಮಂದಿರು ತಮ್ಮಷ್ಟಕ್ಕೆ ಬಿಟ್ಟುಕೊಂಡ ದಾರಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ವಾಟ್ನಿ ಪತ್ರದಲ್ಲೇ ಬರೆಸಿ: ದಾರಿ ಯಾವ ಒಡ್ಡಿನಗುಂಟ, ಎಷ್ಟು ಅಡಿ ಅಗಲ. ಬಾವಿ ನೀರಿನ ಪಾಳಿ ಯಾರಿಗೆ ಯಾವ ದಿನ, ಮೋಟಾರ್ ಕೆಟ್ಟರೆ ಖರ್ಚು ಯಾರದು, ಪೈಪ್‌ಲೈನ್ ಎಲ್ಲಿ ಹಾಯಬೇಕು, ಇದೂ ಇರಲಿ. ಅವನಿಗೆ ನೀರು ಬೇಕು, ನಿಮಗೆ ದಾರಿ ಬೇಕು. ಈಗ ಕೂತು ಮಾತಾಡಿದರೆ ಇಬ್ಬರೂ ಒಪ್ಪುತ್ತೀರಿ.

ಅದಕ್ಕೂ ಮೊದಲು ವಾರಸಾ ಆಗಬೇಕು, ಅಂದರೆ ಉತಾರದಲ್ಲಿ ಅಪ್ಪನ ಬದಲು ವಾರಸುದಾರರ ಹೆಸರು ಬರಬೇಕು. ಅಕ್ಕನನ್ನು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಮದುವೆಯಾಗಿದೆ ಅನ್ನುವ ಮಾತು ನಡೆಯುವುದಿಲ್ಲ. ಅವ್ವ ಇದ್ದರೆ ಅವರ ಹೆಸರೂ ಬರಬೇಕು. ಅಕ್ಕನ ಸಹಿ ಇಲ್ಲದ ವಾಟ್ನಿ ಮುಂದೆ ಕೋರ್ಟಿಗೆ ಹೋಗುತ್ತದೆ. ಪಾಲು ಬೇಡ ಅನ್ನುವುದಾದರೆ ಅದನ್ನು ಅವರೇ ಹೇಳಬೇಕು, ನೀವಲ್ಲ.

ವಾರಸಾ ಆದ ಮೇಲೆ 11ಇ ನಕ್ಷೆ (ಅಳತೆ ಮಾಡಿ ಪಾಲು ಗುರುತಿಸಿದ ನಕ್ಷೆ), ನಂತರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ, ಆಮೇಲೆ ಉತಾರದಲ್ಲಿ ಬೇರೆ ಬೇರೆ ಹಿಸ್ಸಾ. 11ಇ ನಕ್ಷೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಅಳತೆ ಮಾತ್ರ ಕಬ್ಬು ಕಟಾವಾದ ಮೇಲೆ ಆಗುವಂತೆ ನೋಡಿಕೊಳ್ಳಿ. ನಿಂತ ಕಬ್ಬಿನಲ್ಲಿ ಬಾಂದುಕಲ್ಲು ಕಾಣುವುದಿಲ್ಲ, ಅಳತೆ ನೇರ ಹೋಗುವುದಿಲ್ಲ. ಆ ದಿನ ತಮ್ಮ, ಅಕ್ಕ, ಪಕ್ಕದ ಹೊಲದವರು ಎಲ್ಲರೂ ಒಡ್ಡಿನ ಮೇಲೆ ಹಾಜರಿರಲಿ.