ಚರ್ಚ್‌ನವರ ಹಳ್ಳಿ ಶಾಲೆಯಲ್ಲಿ ಬೇರೆ ಧರ್ಮಗಳ ಪಾಠ ಎಲ್ಲಿಂದ ಶುರು ಮಾಡೋದು?

ಮಂಡ್ಯ ಕಡೆಯ ಹಳ್ಳಿಯಲ್ಲಿ ಚರ್ಚ್‌ನವರ ಶಾಲೆಗೆ ಹೊಸದಾಗಿ ಸೇರಿದ್ದೇನೆ, ಮಕ್ಕಳಿಗೆ ಯೇಸು ಗೊತ್ತು, ಮಾರಮ್ಮ ಗೊತ್ತು, ಮಿಕ್ಕ ಧರ್ಮಗಳ ಪಾಠ ಹೇಗೆ ಮಾಡಲಿ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಶಾಲೆಯಲ್ಲಿ ಒಂಬತ್ತು ವರ್ಷ ಸಮಾಜ ಪಾಠ ಮಾಡಿದವನು.

ಮೊದಲ ವರ್ಷ ಬೋರ್ಡಿನ ಮೇಲೆ ಪಟ್ಟಿ ಬರೆದೆ. ಧರ್ಮ, ಸ್ಥಾಪಕ, ಗ್ರಂಥ, ಪೂಜಾ ಸ್ಥಳ. ಮಕ್ಕಳು ಉರು ಹೊಡೆದರು. ಟೆಸ್ಟಿನಲ್ಲಿ ಒಬ್ಬ ಮಹಾವೀರನ ಕೈಗೆ ಬೈಬಲ್ ಕೊಟ್ಟಿದ್ದ. ತಪ್ಪು ಅವನದಲ್ಲ ಬಿಡಿ.

ಮುಂದಿನ ವರ್ಷ ‘ಮೊಹರಂ ಯಾರಿಗೆ ಗೊತ್ತು?’ ಅಂದೆ. ಒಂದು ಕೈಯೂ ಮೇಲೆ ಬರಲಿಲ್ಲ. ‘ಬಾಬಯ್ಯನ ಹಬ್ಬ?’ ಅಂದಿದ್ದೇ ತಡ, ಕ್ಲಾಸೆಲ್ಲ ಗಲಾಟೆ. ಕೊಂಡಕ್ಕೆ ಸೌದೆ ಹೊತ್ತಿದ್ದು, ಮೆರವಣಿಗೆಯಲ್ಲಿ ಹೊರುವ ಕೈಯಾಕಾರದ ಪಂಜಾದ ಹಿಂದೆ ಓಡಿದ್ದು, ಒಬ್ಬಳ ಅಪ್ಪ ಹರಕೆ ಹೊತ್ತು ಕೆಂಡ ಹಾಯ್ದಿದ್ದು. ಅದೇ ಮೊಹರಂ, 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಹತರಾದ ನೆನಪು ಅಂದೆ. ಎಲ್ಲ ಗಪ್‌ಚುಪ್. ಆಮೇಲೆ ಹಿಂದಿನ ಬೆಂಚಿನಿಂದ, ‘ಗುಡ್ ಫ್ರೈಡೇ ಥರಾನಾ ಸಾರ್?’ ಆ ಹೋಲಿಕೆ ನನಗೇ ಹೊಳೆದಿರಲಿಲ್ಲ. ಸ್ವಲ್ಪ ಹಾಗೇ, ಆದರೆ ಪೂರ್ತಿ ಅಲ್ಲ ಅಂದೆ. ಯಾಕೆ ಅಲ್ಲ ಅಂತ ಹೇಳೋಕೆ ಇನ್ನೂ ಎರಡು ಪೀರಿಯಡ್ ಬೇಕಾಯಿತು.

ಹೀಗೆ ಊರಿನಿಂದಲೇ ಶುರು ಮಾಡಿ. ಜೈನ ಧರ್ಮಕ್ಕೆ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಇದೆ. ಬಸದಿ ಮುಂದಿನ ಕಂಬ ನೋಡಿ ನಮ್ಮ ಹುಡುಗರು ಗರುಡಗಂಬ ಅಂದುಕೊಂಡರು. ತುದಿಯಲ್ಲಿ ಕೂತಿರೋದು ಗರುಡ ಅಲ್ಲ, ಜೈನರ ಕಾವಲು ದೇವತೆ ಬ್ರಹ್ಮಯಕ್ಷ. ಕತ್ತೆತ್ತಿ ನೋಡಿದ್ದನ್ನು ಯಾರೂ ಮರೆಯಲ್ಲ. ಬೌದ್ಧ ಧರ್ಮಕ್ಕೆ ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆ, ಆದರೆ ಬಸ್ ಖರ್ಚು ಜಾಸ್ತಿ.

ತಂದೆತಾಯಿಯರ ತಕರಾರು ಬಂದೇ ಬರುತ್ತೆ. ‘ನಮ್ಮ ಹುಡುಗನ್ನ ಯಾವುದಕ್ಕೆ ಸೇರಿಸ್ತೀರಾ?’ ಅಂತ ಒಬ್ಬರು ಗೇಟಿನ ಹತ್ತಿರವೇ ಹಿಡಿದುಕೊಂಡಿದ್ದರು. ಕೇಳಿದ್ದು ನ್ಯಾಯವೇ ಅಲ್ವಾ? ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತೆ. ಪರಿಚಯ ಮಾಡಿಸೋದು ಬೇರೆ, ಪೂಜೆ ಮಾಡಿಸೋದು ಬೇರೆ. ಅದನ್ನೇ ಚೀಟಿಯಲ್ಲಿ ಬರೆದು ಮನೆಗೆ ಕಳಿಸಿ, ಸಹಿ ಹಾಕಿಸಿಕೊಳ್ಳಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ. ಗೇಟಿನಲ್ಲಿ ಹಿಡಿದಿದ್ದವರೇ ನಮ್ಮ ಜೊತೆ ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಗೆ ಬಂದು, ಮಿನಾರಿನ ಪಾರಿವಾಳದ ಗೂಡು ಎಣಿಸ್ತಾ ನಿಂತಿದ್ದರು.

ಅಲ್ಲಿಗೆ ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ನಮಾಜಿಗೆ ಜನ ಜಾಸ್ತಿ.