ಮೊದಲು ನಟ್ಟು, ಆಮೇಲೆ ಸ್ಪ್ಯಾನರು

“ಮನೆಯ ಕಾರ್ ಶೆಡ್ಡಿಗೆ ಈಚೆಗೆ ಯಾವ ಹತ್ಯಾರು ತಂದಿರಿ? ಉಪಯೋಗಕ್ಕೆ ಬಂತಾ?” ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳನ್ನು ನೋಡಿದರೆ ಮಂಜೇಶ್ವರದಿಂದ ಅಡೂರಿನವರೆಗೆ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ಸ್ಪ್ಯಾನರಿಗೇ ಹೋಗುತ್ತದೋ ಎಂದು ಸಂಶಯ ಬಂತು. ಎಲ್ಲದಕ್ಕೂ ಉತ್ತರ ಬರೆಯುವಷ್ಟು ಜಾಗ ಇಲ್ಲ. ನಾನು ಕಾಸರಗೋಡಿನ ಬದಿಯಡ್ಕ ಕಡೆ ಜೀಪು ರಿಪೇರಿಯ ಗ್ಯಾರೇಜು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವನು, ಹಾರ್ಡ್‌ವೇರ್ ಅಂಗಡಿಯವನಲ್ಲ. ಹಾಗಾಗಿ “ಇದು ಬೇಡ” ಅನ್ನಲಿಕ್ಕೆ ನನಗೆ ದಾಕ್ಷಿಣ್ಯ ಇಲ್ಲ.

ಪ್ರಶ್ನೆ: ಅಣ್ಣ, ಆಫರಿನಲ್ಲಿ ಸಿಕ್ಕಿತೆಂದು 108 ಪೀಸಿನ ಸಾಕೆಟ್ ಸೆಟ್ ತರಿಸಿದೆ. ಪೆಟ್ಟಿಗೆ ನೋಡ್ಲಿಕ್ಕೆ ಭಾರೀ ಚೆಂದ. ಆದರೆ ಬೈಕಿನ 12ರ ಬೋಲ್ಟು ಬಿಚ್ಚುವಾಗ ತಲೆ ಉರುಟಾಗಿ ಹೋಯಿತು. ತಪ್ಪು ನನ್ನ ಕೈಯದ್ದೋ, ಸೆಟ್ಟಿನದ್ದೋ?
*— ಶಾಲಾ ಶಿಕ್ಷಕರು, ಮುಳ್ಳೇರಿಯ*

ಮಾಸ್ಟ್ರೇ, ಆ ಪೆಟ್ಟಿಗೆಯನ್ನು ಒಮ್ಮೆ ಗೋಣಿಯ ಮೇಲೆ ಸುರಿದು ಬೇರೆ ಬೇರೆ ಮಾಡಿ. ನೀವು ಕಳಿಸಿದ ಫೋಟೋದಲ್ಲೇ ಕಾಣುತ್ತದೆ, ಅರ್ಧಕ್ಕರ್ಧ ಸ್ಕ್ರೂ ಬಿಟ್ಟುಗಳು. ಉಳಿದ ಸಾಕೆಟುಗಳಲ್ಲಿ ಒಂದು ಸಾಲು ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದು 12ರ ಬೋಲ್ಟಿಗೆ ಸಲೀಸಾಗಿ ಕೂರುತ್ತದೆ, ಬಲ ಹಾಕಿದ ಕೂಡಲೇ ಮೂಲೆ ಸವೆಸಿಕೊಂಡು ತಿರುಗುತ್ತದೆ. ಬೆಳಕು ಕಮ್ಮಿ ಇರುವ ಶೆಡ್ಡಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಇಂಚಿನ ಸಾಲನ್ನು ಇವತ್ತೇ ಬೇರೆ ಡಬ್ಬಿಗೆ ಹಾಕಿ. ಮುಕ್ಕಾಲು ಇಂಚಿನದ್ದು ಮಾತ್ರ ಇರಲಿ, ಅದು 19.05 ಮಿ.ಮೀ., 19ರ ನಟ್ಟಿಗೆ ಧಾರಾಳ ಆಗುತ್ತದೆ.

ಸಾಕೆಟು 12ರದ್ದೇ ಆಗಿದ್ದರೆ ಅದರ ಬಾಯಿ ನೋಡಿ. ಒಳಗೆ ಆರು ಮೂಲೆ ಉಂಟಾ, ಹನ್ನೆರಡಾ? ಹನ್ನೆರಡು ಮೂಲೆಯದ್ದು ಬೇಗ ಕೂರುತ್ತದೆ ನಿಜ, ಆದರೆ ಬೋಲ್ಟನ್ನು ಮೂಲೆಯ ಹತ್ತಿರವೇ ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ, ಮೆತ್ತಗಿನ ಬೋಲ್ಟಿಗೆ ಅದು ಆಗದು. ಆರು ಮೂಲೆಯದ್ದು ಚಪ್ಪಟೆ ಬದಿಯನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತದೆ. ಕೈ ಆಡಿಸಲು ಜಾಗ ಇಲ್ಲದ ಕಡೆಗೆ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರು ಬೇಕೇ ಬೇಕು, ಅದು ಬೇರೆ ಮಾತು.

ಇನ್ನು ಅಳತೆಯ ಲೆಕ್ಕ. ನಮ್ಮ ಶೆಡ್ಡುಗಳಲ್ಲಿ ಇರುವುದು ಎರಡು ಜಾತಿಯ ಬೋಲ್ಟುಗಳು. ಪೇಟೆಯ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಎಂ8 ಬೋಲ್ಟಿಗೆ, ಅಂದರೆ 8 ಮಿ.ಮೀ. ದಪ್ಪದ್ದಕ್ಕೆ, 13ರ ಸ್ಪ್ಯಾನರು, ಎಂ10ಕ್ಕೆ ಹೆಚ್ಚಾಗಿ 17ರದ್ದು. ಅದೇ ಎಂ8 ಜಪಾನ್ ಮೂಲದ ಬೈಕಿನಲ್ಲಿ ಬಂದರೆ ತಲೆ ಸಣ್ಣದು, 12. ಎಂ10 ಆದರೆ 14. ಎಂ6 ಎರಡು ಕಡೆಯಲ್ಲೂ ಸಾಮಾನ್ಯವಾಗಿ 10. ಹಾಗಾದರೆ 8, 10, 12, 13, 14, 17, 19 ಇಷ್ಟಿದ್ದರೆ ಬೈಕು, ಪಂಪು, ಸ್ಪ್ರೇಯರು ಮೂರೂ ಮುಗಿಯುತ್ತದೆ. ಇಷ್ಟನ್ನು ಬಿಡಿಬಿಡಿಯಾಗಿ, ಆರು ಮೂಲೆಯ ಸಾಕೆಟು ಮತ್ತು ಒಂದು ಬದಿ ರಿಂಗು, ಇನ್ನೊಂದು ಬದಿ ತೆರೆದ ಬಾಯಿಯ ಸ್ಪ್ಯಾನರು, ಹೀಗೆ ಕೊಳ್ಳಿ. ನಾಸಿಕದ ಟಪಾರಿಯಾ ಕಂಪನಿಯದ್ದಾಗಲಿ, ಜಲಂಧರ್–ಲುಧಿಯಾನ ಕಡೆಯಿಂದ ಬರುವ ಒಳ್ಳೆಯ ಮಾಲಾಗಲಿ, ಮನೆ ಕೆಲಸಕ್ಕೆ ಬೇಕಾದಷ್ಟಾಯಿತು. ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಶೆಡ್ಡಿನಲ್ಲಿರುವ ನಟ್ಟುಗಳ ಅಳತೆ ಬರೆದುಕೊಳ್ಳುವವರು ಯಾರೂ ಇಲ್ಲ, ಅದೇ ನನ್ನ ತಕರಾರು.

ರ‍್ಯಾಚೆಟ್ ಒಂದಕ್ಕೆ, ಅಂದರೆ ಸಾಕೆಟು ತಿರುಗಿಸುವ ಹಿಡಿಗೆ, ಮಾತ್ರ ಸ್ವಲ್ಪ ಹೆಚ್ಚು ದುಡ್ಡು ಹಾಕಿ. 24 ಹಲ್ಲಿನದ್ದಾದರೆ ಪ್ರತಿ ಸಲ 15 ಡಿಗ್ರಿ ಹಿಂದಕ್ಕೆ ಹೋಗಬೇಕು, 72 ಹಲ್ಲಿನದ್ದಕ್ಕೆ 5 ಡಿಗ್ರಿ ಸಾಕು. ಎಂಜಿನಿನ ಸಂದಿಯಲ್ಲಿ ಕೈ ಹಾಕಿದವರಿಗೆ ಆ ಹತ್ತು ಡಿಗ್ರಿಯ ಬೆಲೆ ಗೊತ್ತು.

ಉರುಟಾದ ಬೋಲ್ಟಿಗೆ ಈಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಬೆಳಿಗ್ಗೆ ತಲೆಯ ಮೇಲೆ ನೇರ ನಾಲ್ಕು ಪೆಟ್ಟು ಸುತ್ತಿಗೆಯಲ್ಲಿ ಕೊಟ್ಟು, ವೈಸ್ ಗ್ರಿಪ್ಪಿನಲ್ಲಿ (ಕಚ್ಚಿ ಲಾಕ್ ಆಗುವ ಇಕ್ಕಳ) ಬಿಗಿಯಾಗಿ ಹಿಡಿದು ತಿರುಗಿಸಿ. ಬಂದ ಮೇಲೆ ಆ ಬೋಲ್ಟನ್ನು ವಾಪಸು ಹಾಕಬೇಡಿ.

ಪ್ರಶ್ನೆ: ಹೊಸ ಸ್ಟಾರ್ ಸ್ಕ್ರೂಡ್ರೈವರ್ ತಂದರೂ ಹಳೆ ಬೈಕಿನ ಎಂಜಿನ್ ಕವರಿನ ಸ್ಕ್ರೂ ಹಾರಿ ಹಾರಿ ಹಾಳಾಗುತ್ತದೆ. ಸ್ಕ್ರೂಡ್ರೈವರ್ ಕಳಪೆಯಾ?
*— ಕಾಲೇಜು ವಿದ್ಯಾರ್ಥಿ, ನೀರ್ಚಾಲು*

ಕಳಪೆ ಅಲ್ಲ, ಬೇರೆ ಜಾತಿ. ನಿನ್ನ ಕೈಯಲ್ಲಿರುವುದು ಫಿಲಿಪ್ಸ್. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಮಾದರಿ ಅದು. ಜಪಾನಿನ ಬೈಕುಗಳಲ್ಲಿ ಬರುವುದು ಜೆಐಎಸ್ ಎಂಬ ಅಲ್ಲಿನ ಕೈಗಾರಿಕಾ ಮಾನದಂಡದ ಅಳತೆಯ ಸ್ಕ್ರೂ. ನೋಡಲಿಕ್ಕೆ ಎರಡೂ ಪ್ಲಸ್ಸೇ. ಆದರೆ ಫಿಲಿಪ್ಸಿನ ತುದಿ ಜೆಐಎಸ್ ಗುಂಡಿಯ ತಳದವರೆಗೆ ಇಳಿಯುವುದಿಲ್ಲ, ಅರ್ಧದಲ್ಲೇ ನಿಂತು ಜಾರುತ್ತದೆ. ತಲೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ ಹೆಚ್ಚಾಗಿ ಅದು ಜೆಐಎಸ್. 2 ಮತ್ತು 3ನೇ ನಂಬರಿನ ಜೆಐಎಸ್ ತುದಿ ಎರಡು ಕೊಂಡುಕೋ. ಅದು ಫಿಲಿಪ್ಸ್ ಸ್ಕ್ರೂವಿಗೂ ನಡೆಯುತ್ತದೆ. ಸುತ್ತಿಗೆಯಿಂದ ಬಡಿದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು ಸಿಕ್ಕಿದರೆ ಕವರಿನ ಸ್ಕ್ರೂಗಳು ಮಾತಾಡದೆ ಬರುತ್ತವೆ. ಈಗಾಗಲೇ ಸ್ವಲ್ಪ ಹಾಳಾದ ಸ್ಕ್ರೂ ಆದರೆ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಚೂರು ಹಚ್ಚು. ಅದರ ಮರಳು ಕಚ್ಚಿ ಹಿಡಿಯುತ್ತದೆ.

ಪ್ರಶ್ನೆ: ಭಾವ, ಕಳೆದ ಬೇಸಗೆಯಲ್ಲಿ ಕ್ರೋಮ್ ಹಾಕಿದ ಸ್ಪ್ಯಾನರ್ ಸೆಟ್ಟು, ಒಂದು ಕಟ್ಟಿಂಗ್ ಪ್ಲೇಯರ್, ಒಂದು ಪೈಪ್ ರೆಂಚ್ ತಂದೆ. ಆಟಿ ತಿಂಗಳ ಮಳೆ ಮುಗಿಯುವಷ್ಟರಲ್ಲಿ ಎಲ್ಲಕ್ಕೂ ತುಕ್ಕು. ಮನೆಯೊಳಗಿನ ಹಳೆ ಕತ್ತಿಗೇ ಅಷ್ಟು ತುಕ್ಕಿಲ್ಲ. ಕ್ರೋಮ್ ಮೋಸದ್ದಾ? ಶೆಡ್ಡಿನ ಫೋಟೋ ಇಟ್ಟಿದ್ದೇನೆ.
*— ಕೃಷಿಕರು, ಪೆರ್ಲ*

ಭಾವ, ಸ್ಪ್ಯಾನರು ಆಮೇಲೆ ನೋಡುವ. ಫೋಟೋದಲ್ಲಿ ಅದರ ಕೆಳಗಿನ ಅಟ್ಟೆಯಲ್ಲಿ ಮೈಲುತುತ್ತಿನ (ಕಾಪರ್ ಸಲ್ಫೇಟ್) ಚೀಲ ಬಾಯಿ ತೆರೆದು ಕೂತಿದೆಯಲ್ಲ! ಅದರ ಪಕ್ಕ ಪೊಟ್ಯಾಷ್. ಮೂಲೆಯಲ್ಲಿ ರಬ್ಬರ್ ಹಾಲು ಹೆಪ್ಪು ಹಾಕುವ ಆಸಿಡ್ಡಿನ ಕ್ಯಾನು. ಇಷ್ಟೆಲ್ಲ ಇದ್ದ ಕೋಣೆಯಲ್ಲಿ ಯಾವ ಕ್ರೋಮೂ ನಿಲ್ಲುವುದಿಲ್ಲ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ನೀವೇ ನೋಡಿದ್ದೀರಿ. 100 ಲೀಟರು ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಹದ ಸರಿ ಬಂತಾ ಎಂದು ನೋಡಲು ಉಜ್ಜಿದ ಕಬ್ಬಿಣದ ಕತ್ತಿಯ ತುದಿ ಅದ್ದುತ್ತೇವೆ. ಕೆಂಪು ಬಣ್ಣ ಕೂತರೆ ತುತ್ತು ಬಾಕಿ ಉಂಟು, ಸುಣ್ಣದ ನೀರು ಇನ್ನೂ ಸೇರಿಸಬೇಕು. ಆ ಕೆಂಪು ತಾಮ್ರ. ತಾಮ್ರ ಕತ್ತಿಯ ಮೇಲೆ ಕೂರಬೇಕಾದರೆ ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗಿರಬೇಕು. ತುತ್ತಿನ ಹುಡಿ ಒದ್ದೆ ಗಾಳಿಯಲ್ಲಿ ನಿಮ್ಮ ರೆಂಚಿನ ಮೇಲೆ ಬಿದ್ದರೆ ಅಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಕ್ರೋಮ್ ಪದರ ಬಹಳ ತೆಳು, ಕಣ್ಣಿಗೆ ಕಾಣದ ತೂತುಗಳು ಅದರಲ್ಲಿ ಇರುತ್ತವೆ. ಅಲ್ಲಿಂದ ಒಳಗೆ ಹೊಕ್ಕ ತುಕ್ಕು ಪದರವನ್ನೇ ಎಬ್ಬಿಸುತ್ತದೆ. ಎದ್ದ ಕ್ರೋಮ್ ಬ್ಲೇಡಿನಷ್ಟು ಹರಿತ, ಅಂಥ ಸ್ಪ್ಯಾನರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಪೊಟ್ಯಾಷಿನಲ್ಲಿ ಕ್ಲೋರೈಡ್ ಉಂಟು, ಅದು ಉಪ್ಪಿನ ಜಾತಿಯೇ. ರಬ್ಬರಿಗೆ ಹಾಕುವ ಫಾರ್ಮಿಕ್ ಆಸಿಡ್ಡಿನ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಆವಿ ಬರುತ್ತದೆ. ಅದರ ವಾಸನೆ ನಿಮ್ಮ ಮೂಗಿಗೆ ಬಂತು ಅಂದರೆ ಹತ್ಯಾರಿಗೂ ಬಂದ ಹಾಗೆಯೇ. ಹಳೆ ಕತ್ತಿಗೆ ತುಕ್ಕಿಲ್ಲದ್ದು ಅದು ಮನೆಯೊಳಗೆ ಇದ್ದದ್ದರಿಂದ, ದಿನಾ ಕೈಯಾಡುವುದರಿಂದ.

ಹಾಗಾಗಿ ಮೊದಲ ಖರ್ಚು ಡಬ್ಬಿಗಲ್ಲ, ಜಾಗಕ್ಕೆ. ತುತ್ತು, ಗೊಬ್ಬರ, ಆಸಿಡ್ ಮೂರನ್ನೂ ಬೇರೆ ಕೋಣೆಗೆ ಸಾಗಿಸಿ, ಮಕ್ಕಳ ಕೈಗೆ ಸಿಗದ ಹಾಗೆ. ಸ್ಪ್ಯಾನರುಗಳನ್ನು ಕೆಂಪುಕಲ್ಲಿನ ಗೋಡೆಗೆ ತಾಗಿಸಿ ನೇತು ಹಾಕಿದ್ದೀರಿ. ಗಿಲಾವು ಇಲ್ಲದ ಕಲ್ಲು ಮಳೆಗಾಲದಲ್ಲಿ ನೀರು ಎಳೆದು ಒದ್ದೆಯಾಗಿಯೇ ಇರುತ್ತದೆ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಹೊಯ್ಯುವ ಊರು ನಮ್ಮದು. ಗೋಡೆಯಿಂದ ಎರಡು ಬೆರಳು ಬಿಟ್ಟು ಹಲಗೆ ಹೊಡೆದು ಅದಕ್ಕೆ ತೂಗಿಸಿ. ಪುಟ್ಟ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಒಳಗೆ ಹಳೆಯ ಕಾಲದ 15 ವ್ಯಾಟಿನ ಬಿಸಿಯಾಗುವ ಬಲ್ಬು ಉರಿಸಿದರೆ ಒಳಗಿನ ಗಾಳಿ ಒಣಗಿರುತ್ತದೆ. ಎಲ್‌ಇಡಿ ಆದರೆ ಪ್ರಯೋಜನ ಇಲ್ಲ, ಅದು ಅಷ್ಟು ಬಿಸಿಯಾಗದು. ಬಟ್ಟೆ, ಕಾಗದ ಮಾತ್ರ ಬಲ್ಬಿನ ಹತ್ತಿರ ಬೇಡ.

ಎಣ್ಣೆಯ ವಿಷಯ. ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಎಲ್ಲದಕ್ಕೂ ಅದೇ ಮದ್ದು, ಆದರೆ ಕಬ್ಬಿಣದ ಮೇಲೆ ಅದು ಕನೆತು ಹುಳಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ನೀರು ಓಡಿಸಲು ಬಹಳ ಒಳ್ಳೆಯದು, 1953ರಲ್ಲಿ ಅದನ್ನು ಮಾಡಿದ್ದೇ ಅದಕ್ಕೆ. ಆದರೆ ಅದರ ಬಹುಪಾಲು ಆರಿ ಹೋಗಿ ಉಳಿಯುವುದು ತೆಳ್ಳಗಿನ ಪೊರೆ. ಮೂರು ತಿಂಗಳ ಮಳೆಗೆ ಅದೊಂದೇ ಸಾಲದು. ಒರೆಸಿದ ಮೇಲೆ ಹೊಲಿಗೆ ಮೆಷಿನಿನ ಎಣ್ಣೆ ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ. ಮಳೆಗಾಲದಲ್ಲಿ ಕೈಯೇ ಹಾಕದ ಹತ್ಯಾರಿಗೆ ಗ್ರೀಸು ಸವರಿ.

ಈಗ ಬಂದಿರುವ ತುಕ್ಕಿಗೆ ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬ್ರಷ್ಷಿನಲ್ಲಿ ಉಜ್ಜಿ, ಅಡಿಗೆ ಸೋಡದ ನೀರಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟು, ಕೂಡಲೇ ಎಣ್ಣೆ ಹಚ್ಚಿ. ಪುನರ್ಪುಳಿ ಆಗ್ತದಾ ಎಂದು ಕೇಳಬೇಡಿ, ಅದು ಸಾರಿಗೇ ಇರಲಿ.

ಪ್ರಶ್ನೆ: ಹುಲ್ಲು ಕೊಚ್ಚುವ ಮೆಷಿನಿನ ಬ್ಲೇಡು ನಾನೇ ಬದಲಿಸಬೇಕೆಂದು ಉದ್ದ ಹಿಡಿಯ ಸ್ಪ್ಯಾನರು ತಂದೆ. ನಟ್ಟು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.
*— ಗೃಹಿಣಿ, ವರ್ಕಾಡಿ*

ತಂಗಿ, ನೀವು ಅದನ್ನು ಬಿಗಿ ಮಾಡುತ್ತಾ ಇದ್ದೀರಿ. ಬ್ರಶ್ ಕಟ್ಟರಿನ ಬ್ಲೇಡಿನ ನಟ್ಟಿಗೆ ಸಾಮಾನ್ಯವಾಗಿ ಎಡಮರೆ, ಅಂದರೆ ಉಲ್ಟಾ ದಿಕ್ಕಿನ ಥ್ರೆಡ್ಡು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಓಡುವಾಗ ತಾನಾಗಿ ಸಡಿಲ ಆಗಬಾರದೆಂದು ಹಾಗೆ ಮಾಡಿರುವುದು. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕೀಳಿ, ಅದು ಮರೆಯಬೇಡಿ. ಗೇರ್ ಪೆಟ್ಟಿಗೆಯ ಬದಿಯಲ್ಲಿ ಸಣ್ಣ ತೂತು ಉಂಟು. ಮೆಷಿನಿನ ಜೊತೆ ಬಂದ ಅಲೆನ್ ಕೀ ಅದಕ್ಕೆ ತೂರಿಸಿ, ಬ್ಲೇಡನ್ನು ಮೆಲ್ಲ ತಿರುಗಿಸುತ್ತಾ ಹೋದರೆ ಕೀ ಇನ್ನಷ್ಟು ಒಳಗೆ ಇಳಿದು ಶಾಫ್ಟು ನಿಲ್ಲುತ್ತದೆ. ಕೈಗೆ ದಪ್ಪ ಗ್ಲೌಸು ಇರಲಿ. ಉದ್ದ ಹಿಡಿಯ ಸ್ಪ್ಯಾನರಿನ ಅಗತ್ಯವೇ ಇರಲಿಲ್ಲ. ತಂದದ್ದು ತಂದಾಯಿತು, ಕಾರಿನ ಚಕ್ರಕ್ಕೆ ಆದೀತು, ಅಳತೆ ನೋಡಿ.

ಪ್ರಶ್ನೆ: ಅಜ್ಜನ ಕಾಲದ ಡೀಸಿಲ್ ಪಂಪು ಉಂಟು. ನನ್ನ ಹೊಸ ಸೆಟ್ಟಿನ ಇಂಚಿನ ಸ್ಪ್ಯಾನರೂ ಕೂರುವುದಿಲ್ಲ, ಮಿಲಿಮೀಟರಿನದ್ದೂ ಕೂರುವುದಿಲ್ಲ.
*— ಕುಂಬಳೆ*

ಅದು ವಿಟ್‌ವರ್ಥ್ ಇದ್ದೀತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ 1841ರಲ್ಲಿ ತಂದ ಅಳತೆ. ಮರೆಯ ಕೋನವೇ ಬೇರೆ, 55 ಡಿಗ್ರಿ, ಮೆಟ್ರಿಕ್‌ನಲ್ಲಿ 60. ಸ್ಪ್ಯಾನರಿನ ಮೇಲೆ ಬರೆದ ಸಂಖ್ಯೆ ನಟ್ಟಿನ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು. ಅದಕ್ಕೇ ನಿಮ್ಮ ಸೆಟ್ಟಿನ ಕಾಲು ಇಂಚು ಅಲ್ಲಿಗೆ ಹೊಂದದು. ಹೊಸತು ಹುಡುಕುತ್ತಾ ಅಲೆಯಬೇಡಿ, ಅಜ್ಜನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ. ಸ್ಪ್ಯಾನರಿನ ಮೇಲೆ ಅಳತೆಯ ಪಕ್ಕ ಡಬ್ಲ್ಯೂ ಅಥವಾ ಬಿಎಸ್‌ಡಬ್ಲ್ಯೂ ಇದ್ದರೆ ಅದು ಈ ಅಳತೆಯದ್ದೇ, ಗುಜರಿಗೆ ಕೊಡಬೇಡಿ.

ಪ್ರಶ್ನೆ: 28ರಿಂದ 210 ನ್ಯೂಟನ್ ಮೀಟರಿನ ಟಾರ್ಕ್ ರೆಂಚ್ ಕೊಂಡೆ. ಬೈಕಿಗೆ ಆಗಬಹುದಾ?
*— ಉಪ್ಪಳ*

ಎಷ್ಟು ಬಲದಲ್ಲಿ ಬಿಗಿಯಬೇಕೆಂದು ಅಳೆದು ಬಿಗಿಯುವ ರೆಂಚು ಅದು. ಕಾರಿನ ಚಕ್ರದ ನಟ್ಟಿಗೆ ಆಗುತ್ತದೆ, ಬೈಕಿನ ಸಣ್ಣ ಬೋಲ್ಟುಗಳಿಗೆ ಆಗದು. ಇಂಥ ರೆಂಚಿನ ನಿಖರತೆಯನ್ನು ಐಎಸ್‌ಒ 6789 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಲೆಕ್ಕ ಹಾಕುವುದು ಗರಿಷ್ಠ ಅಳತೆಯ ಶೇ. 20ರಿಂದ ಮೇಲಕ್ಕೆ. ನಿಮ್ಮದರಲ್ಲಿ ಅದು 42. ಬೈಕಿನ ಆಯಿಲ್ ಬೋಲ್ಟು, ಪ್ಲಗ್ಗು ಎಲ್ಲ ಅದಕ್ಕಿಂತ ಕೆಳಗೇ. ಬೈಕಿಗೆ 5ರಿಂದ 25ರದ್ದು ಬೇರೆಯೇ ಬೇಕು. ಕೆಲಸ ಮುಗಿದ ಮೇಲೆ ಸ್ಕೇಲನ್ನು ಅತಿ ಕಡಿಮೆಗೆ ಇಳಿಸಿಡಿ, ಇಲ್ಲವಾದರೆ ಒಳಗಿನ ಸ್ಪ್ರಿಂಗು ಸೋಲುತ್ತದೆ. ಬಿಗಿಯಾದ ನಟ್ಟು ಬಿಚ್ಚಲು ಅದನ್ನು ಹಾಕುವವರಿಗೆ ನಾನು ನನ್ನ ರೆಂಚು ಕೊಡುವುದಿಲ್ಲ.

ಪ್ರಶ್ನೆ: ಜಿಐ ಪೈಪು ಕೊಯ್ಯಲು ಹೊಸ ಹ್ಯಾಕ್ಸಾ ತಂದೆ. ಬ್ಲೇಡಿನ ಹಲ್ಲು ಮುರಿಯುತ್ತದೆ.
*— ಬೇಳ*

18 ಹಲ್ಲಿನ ಬ್ಲೇಡು ತಂದಿರುತ್ತೀರಿ. ಒಂದು ಇಂಚಿಗೆ 18 ಹಲ್ಲು ದಪ್ಪ ಸರಳಿಗೆ, ಪೈಪಿಗೆ 32ರದ್ದು. ಕೊಯ್ಯುವ ಲೋಹದ ದಪ್ಪದಲ್ಲಿ ಏಕಕಾಲಕ್ಕೆ ಮೂರು ಹಲ್ಲಾದರೂ ಕೂರಬೇಕು, ಇಲ್ಲವಾದರೆ ಪೈಪಿನ ಅಂಚು ಹಲ್ಲಿನ ಸಂದಿಗೆ ಸಿಕ್ಕಿ ಮುರಿಯುತ್ತದೆ. ಹಲ್ಲಿನ ಮೊನೆ ನಿಮ್ಮಿಂದ ಆಚೆಗೆ ಇರಲಿ, ನೂಕುವಾಗ ಮಾತ್ರ ಒತ್ತಿ, ಎಳೆಯುವಾಗ ಕೈ ಹಗುರ ಮಾಡಿ. ಪೈಪನ್ನು ಕಾಲಿನಲ್ಲಿ ಒತ್ತಿ ಹಿಡಿಯುವ ಬದಲು ವೈಸಿಗೆ ಕಚ್ಚಿಸಿ, ಅರ್ಧ ಕೊಯ್ದ ಮೇಲೆ ಸ್ವಲ್ಪ ತಿರುಗಿಸಿಕೊಂಡು ಮುಂದುವರಿಸಿ.