ಬಾಂದುಕಲ್ಲು ಕಿತ್ತವನಿಗೆ ನೋಟಿಸು ಕೊಟ್ಟರೆ ಸಾಕೇ?

ಸಂಪಾದಕರ ಉತ್ತರ

ಹೆಸರು ಹಾಕಬೇಡಿ ಎಂದು ಕೋರಿ ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಉಕ್ರೇನಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ವಿಶ್ವಸಂಸ್ಥೆ ಖಂಡಿಸಿತು, ಇಷ್ಟು ದೇಶಗಳು ಮತ ಹಾಕಿದವು ಎಂದೆಲ್ಲ ಇದೆ. ಅದರಿಂದ ಒಂದು ಗುಂಟೆ ಜಾಗ ವಾಪಸು ಬಂತೇ? ತೋಟದ ಬಾಂದುಕಲ್ಲು ಕಿತ್ತು ಬೇಲಿ ಸರಿಸಿದವನಿಗೆ ನೋಟಿಸು ಕೊಡುತ್ತಾ ಕೂತರೆ ತೋಟ ಉಳಿಯುವುದಿಲ್ಲ. ಕೈಲಾದರೆ ಹೊಡೆದು ಓಡಿಸಬೇಕು, ಆಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂದ ಜಿಲ್ಲೆಯವರು ನಾವು. ಇನ್ನು, ಯಾರದೋ ಜಾಗದ ವಿಚಾರಕ್ಕೆ ಭಾರತ ಯಾಕೆ ತಲೆ ಕೊಡಬೇಕು? ಗೋವಾಕ್ಕೆ ನಾವೂ ಸೈನ್ಯ ಕಳಿಸಲಿಲ್ಲವೇ?"

ಮಾನ್ಯರೇ,

ನಿಮ್ಮ ಪತ್ರದಲ್ಲಿರುವ ಸಿಟ್ಟು ನ್ಯಾಯವಾದದ್ದು. ಆದರೆ 'ಹೊಡೆ, ಇಲ್ಲವೇ ಸುಮ್ಮನಿರು' ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೋಟದಿಂದಲೇ ಶುರು ಮಾಡೋಣ. ಬೇಲಿ ಜಗಳದಲ್ಲಿ ಗೆದ್ದವರನ್ನೂ ಸೋತವರನ್ನೂ ಮಲೆನಾಡಿನಲ್ಲಿ ನಾವೆಲ್ಲ ನೋಡಿದ್ದೇವೆ. ಕತ್ತಿ ಹಿಡಿದು ಹೋದವನ ಮೇಲೆ ಮೊದಲು ಕೇಸು ಬೀಳುತ್ತದೆ. ಬಾಯಿ ಮುಚ್ಚಿಕೊಂಡಿದ್ದವನು ಹನ್ನೆರಡು ವರ್ಷ ಕಳೆದ ಮೇಲೆ ಕೋರ್ಟಿಗೆ ಹೋದರೆ, ಕೇಸು ಹಾಕುವ ಅವಧಿ ಮುಗಿಯಿತು ಎಂದು ಎದುರು ಪಕ್ಷದ ವಕೀಲರು 1963ರ ಲಿಮಿಟೇಶನ್ ಕಾಯ್ದೆಯನ್ನು ಮುಂದಿಡುತ್ತಾರೆ. ಜಾಗ ಉಳಿಸಿಕೊಳ್ಳುವವನು ಸಾಮಾನ್ಯವಾಗಿ ಮೂರನೆಯವನು. ಕಲ್ಲು ಕಿತ್ತ ವಾರದಲ್ಲೇ ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡವನು. ಕೈತಪ್ಪಿದ ಜಾಗದ ಕಂದಾಯವನ್ನೂ ಬಿಡದೆ ಕಟ್ಟಿ, ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಿದವನು. ಊರಿನ ನಾಲ್ಕು ಜನ ಕೂತು 'ಹೋಗಲಿ ಬಿಡು ಮಾರಾಯ, ಅರ್ಧ ಅವನಿಗೆ ಅರ್ಧ ನಿನಗೆ' ಎಂದು ರಾಜಿ ಕಾಗದ ಮುಂದಿಟ್ಟಾಗ ಸಹಿ ಹಾಕದೆ ಎದ್ದು ಬಂದವನು.

ದೇಶಗಳ ನಡುವೆಯೂ ಸುಮ್ಮನಿದ್ದರೆ ಜಾಗ ಹೋಗುತ್ತದೆ. ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಬೆಟ್ಟದ ನೆತ್ತಿಯ ಮೇಲೆ ಪ್ರೆಯಾ ವಿಹಿಯರ್ ಎಂಬ ಪುರಾತನ ಶಿವಾಲಯವಿದೆ. 20ನೇ ಶತಮಾನದ ಆರಂಭದಲ್ಲಿ, ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚ್ ಅಧಿಕಾರಿಗಳು ಮಾಡಿದ ನಕ್ಷೆ ಅದನ್ನು ಕಾಂಬೋಡಿಯಾದ ಕಡೆಗೆ ತೋರಿಸಿತ್ತು. ನೀರು ಇಬ್ಭಾಗವಾಗಿ ಹರಿಯುವ ಗೆರೆಯೇ ಗಡಿ, ಆ ಲೆಕ್ಕದಲ್ಲಿ ದೇವಸ್ಥಾನ ನಮ್ಮದು ಎಂಬುದು ಥಾಯ್ಲೆಂಡಿನ ವಾದ. ಆದರೆ ನಕ್ಷೆ ಕೈಗೆ ಬಂದಾಗ ಅವರು ತಕರಾರು ತೆಗೆದಿರಲಿಲ್ಲ. 1930ರಲ್ಲಿ ಅವರ ರಾಜಕುಮಾರ ದಾಮ್ರೊಂಗ್ ಆ ಗುಡಿಗೆ ಹೋದಾಗ ಫ್ರೆಂಚ್ ಬಾವುಟ ಹಾರಿಸಿ ಫ್ರೆಂಚ್ ಅಧಿಕಾರಿಯೇ ಸ್ವಾಗತ ಕೊಟ್ಟ. ಆಗಲೂ ಒಂದು ಆಕ್ಷೇಪಣೆಯ ಪತ್ರ ಹೋಗಲಿಲ್ಲ. 1962ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಈ ಮೌನವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ದೇವಸ್ಥಾನವನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಸಿಂಗಪುರದ ಹತ್ತಿರದ ಪೆಡ್ರಾ ಬ್ರಾಂಕಾ ಎಂಬ ಬಂಡೆದ್ವೀಪದ ವ್ಯಾಜ್ಯದಲ್ಲೂ ಹೀಗೇ ಆಯಿತು. ಈಗ ಮಲೇಷ್ಯಾದ ಭಾಗವಾಗಿರುವ ಜೊಹೋರ್ ರಾಜ್ಯದ ಹಂಗಾಮಿ ಕಾರ್ಯದರ್ಶಿಯೊಬ್ಬರು 1953ರಲ್ಲಿ, ಆ ಬಂಡೆಯ ಒಡೆತನವನ್ನು ನಾವು ಕೇಳುವುದಿಲ್ಲ ಎಂದು ಕಾಗದ ಬರೆದಿದ್ದರು. 2008ರಲ್ಲಿ ದ್ವೀಪ ಮಲೇಷ್ಯಾಕ್ಕೆ ತಪ್ಪಿ ಸಿಂಗಪುರದ ಪಾಲಾಗಲು ಆ ಕಾಗದ ದೊಡ್ಡ ಕಾರಣವಾಯಿತು. ಈ ಎರಡೂ ತೀರ್ಮಾನವಾದದ್ದು ಕೋರ್ಟಿನಲ್ಲಿ, ಯುದ್ಧದಲ್ಲಲ್ಲ. ಅಲ್ಲಿ ಮೌನಕ್ಕೂ ಒಂದು ಕಾಗದಕ್ಕೂ ಇಷ್ಟು ತೂಕ ಬಂತು. ಬಂದೂಕು ಹಿಡಿದು ಬಂದು ಜಾಗ ಹಿಡಿದವನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದೂ ಅಂಥ ಒಂದು ಒಪ್ಪಿಗೆಯ ಕಾಗದವನ್ನೇ.

ನಿಮ್ಮ ಹೋಲಿಕೆ ಒಂದು ಕಡೆ ಮುರಿದುಬೀಳುತ್ತದೆ, ಅದನ್ನೂ ಹೇಳಬೇಕು. ನಮ್ಮಲ್ಲಿ ತಹಶೀಲ್ದಾರರಿದ್ದಾರೆ, ಪೊಲೀಸ್ ಠಾಣೆಯಿದೆ. ದೇಶಗಳ ಮೇಲೆ ಅಂಥವರು ಯಾರೂ ಇಲ್ಲ. 2022ರ ಸೆಪ್ಟೆಂಬರ್ 30ರಂದು ರಷ್ಯಾ ಉಕ್ರೇನಿನ ನಾಲ್ಕು ಪ್ರಾಂತ್ಯಗಳನ್ನು ತನ್ನದೆಂದು ಘೋಷಿಸಿದಾಗ ಭದ್ರತಾ ಮಂಡಳಿಯಲ್ಲಿ ಖಂಡನಾ ನಿರ್ಣಯಕ್ಕೆ ಹತ್ತು ಮತ ಬಿದ್ದವು. ವಿರುದ್ಧ ಬಿದ್ದದ್ದು ಒಂದೇ, ಅದು ರಷ್ಯಾದ್ದು. ಒಂದೇ ಮತದಿಂದ ನಿರ್ಣಯ ತಡೆಯುವ ವಿಟೋ ಅಧಿಕಾರ ರಷ್ಯಾಕ್ಕೆ ಇದ್ದ ಕಾರಣ ನಿರ್ಣಯ ಅಲ್ಲಿಗೇ ಬಿದ್ದುಹೋಯಿತು. ನಿಮ್ಮ ಹತಾಶೆ ಹುಟ್ಟುವುದು ಇಲ್ಲಿಂದಲೇ ಎಂದು ನನಗೆ ಗೊತ್ತು.

ಹಾಗಾದರೆ ಒಪ್ಪಿಗೆ ಕೊಡದೆ ಕೂತು ಗೆದ್ದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಮೂರು ಪುಟ್ಟ ದೇಶಗಳನ್ನು 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು. ಅಮೆರಿಕ ಆ ಜುಲೈ 23ರಂದೇ ಇದನ್ನು ಮಾನ್ಯ ಮಾಡುವುದಿಲ್ಲ ಎಂದು ಹೇಳಿಕೆ ಕೊಟ್ಟಿತು, ಆ ದೇಶಗಳ ಹಣ ಮಾಸ್ಕೋದ ಕೈಗೆ ಹೋಗದಂತೆ ತಡೆಹಿಡಿಯಿತು. ಸಾಮಾನ್ಯ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇದರ ಮುಂದಿನದು. ವಾಷಿಂಗ್ಟನ್‌ನಲ್ಲಿದ್ದ ಲಾಟ್ವಿಯಾ, ಲಿಥುವೇನಿಯಾ ರಾಯಭಾರ ಕಚೇರಿಗಳು, ನ್ಯೂಯಾರ್ಕಿನಲ್ಲಿದ್ದ ಎಸ್ಟೋನಿಯಾದ ಕಾನ್ಸುಲೇಟು ಮುಚ್ಚಲಿಲ್ಲ. ತಾಯ್ನಾಡಿನಲ್ಲಿ ಸರ್ಕಾರವೇ ಇಲ್ಲ, ಕಚೇರಿ ಮಾತ್ರ ಇದೆ. ಒಬ್ಬ ಅಧಿಕಾರಿ ತೀರಿಕೊಂಡರೆ ಇನ್ನೊಬ್ಬರು ಬಂದು ಅದೇ ಬಾವುಟದಡಿ ಕೂತರು. ಅಮೆರಿಕ ಸರ್ಕಾರ ಅಚ್ಚು ಹಾಕಿಸಿದ ನಕ್ಷೆಗಳಲ್ಲಿ, ಈ ಸೇರ್ಪಡೆಯನ್ನು ನಾವು ಒಪ್ಪಿಲ್ಲ ಎಂಬ ಟಿಪ್ಪಣಿ ಇರುತ್ತಿತ್ತು. 1989ರ ಆಗಸ್ಟ್ 23ರಂದು ಸುಮಾರು 20 ಲಕ್ಷ ಜನ ಮೂರೂ ದೇಶಗಳ ಉದ್ದಕ್ಕೆ ಕೈ ಕೈ ಹಿಡಿದು ನಿಂತರು. 1991ರ ಸೆಪ್ಟೆಂಬರಿನಲ್ಲಿ ಮಾಸ್ಕೋ ಅವರ ಸ್ವಾತಂತ್ರ್ಯವನ್ನು ಒಪ್ಪಿತು. ಬಿಡುಗಡೆ ತಂದವರು ಆ ಜನ, ಮತ್ತು ಸೋವಿಯತ್ ಒಕ್ಕೂಟದ ಕುಸಿತ. ಕಾಗದ ತಾನಾಗಿ ಏನನ್ನೂ ತರಲಿಲ್ಲ. ಆದರೆ ಆ ದಿನ ಬಂದಾಗ ಹೊಸದಾಗಿ ದೇಶ ಕೊಡಿ ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ದೇಶ ಎಂದೂ ಅಳಿದಿರಲಿಲ್ಲ ಎನ್ನಲು ಐವತ್ತು ವರ್ಷದ ದಾಖಲೆ ಅವರ ಹತ್ತಿರವಿತ್ತು.

ಪೂರ್ವ ತಿಮೋರಿನದೂ ಇಂಥದೇ ಕಥೆ. 1975ರಲ್ಲಿ ಇಂಡೋನೇಷ್ಯಾ ನುಗ್ಗಿ, ಮರುವರ್ಷ ಅದನ್ನು ತನ್ನ 27ನೇ ಪ್ರಾಂತ್ಯ ಎಂದಿತು. ನೆರೆಯ ಆಸ್ಟ್ರೇಲಿಯಾ ಒಪ್ಪಿಕೊಂಡುಬಿಟ್ಟಿತು, ವಿಶ್ವಸಂಸ್ಥೆ ಒಪ್ಪಲಿಲ್ಲ. 1999ರ ಜನಮತಗಣನೆಯಲ್ಲಿ ಶೇ. 78ಕ್ಕೂ ಹೆಚ್ಚು ಜನ ಸ್ವಾತಂತ್ರ್ಯದ ಕಡೆ ನಿಂತರು.

ಆದರೆ ಕಬಳಿಸಿದವನು ಬೆಲೆ ತೆರದೇ ಹೋದರೆ ಬರೀ ಒಪ್ಪದಿರುವುದು ಎಷ್ಟು ದುರ್ಬಲ ಎಂಬುದೂ ಇತಿಹಾಸದಲ್ಲಿದೆ, ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಇಟಲಿ ಇಥಿಯೋಪಿಯಾದ ಮೇಲೆ ಬಿದ್ದಾಗ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘ ಆರ್ಥಿಕ ನಿರ್ಬಂಧ ಹಾಕಿತು. ಆದರೆ ಯುದ್ಧಕ್ಕೆ ಬೇಕೇ ಬೇಕಾದ ತೈಲವನ್ನು ಆ ಪಟ್ಟಿಯಿಂದ ಹೊರಗಿಟ್ಟಿತು, ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ. 1936ರ ಜೂನ್ 30ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಮಾತಾಡಲು ಎದ್ದು ನಿಂತಾಗ ಇಟಲಿಯ ಪತ್ರಕರ್ತರು ಸಿಳ್ಳೆ ಹೊಡೆದರು. ಮುಂದಿನ ತಿಂಗಳು ನಿರ್ಬಂಧಗಳನ್ನೂ ತೆಗೆದುಹಾಕಿದರು. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ಸೇರಿಸಿಕೊಂಡಾಗಲೂ ಯುರೋಪು ಜೋರಾಗಿ ಖಂಡಿಸಿತು, ಮರುವರ್ಷವೇ ಅಲ್ಲಿನ ಕಂಪನಿಗಳು ರಷ್ಯಾದಿಂದ ಅನಿಲ ತರುವ ನಾರ್ಡ್ ಸ್ಟ್ರೀಮ್-2 ಕೊಳವೆಗೆ ಒಪ್ಪಂದ ಮಾಡಿಕೊಂಡವು. ಕೂಗು ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ. 2022ರಲ್ಲಿ ಅದರ ಫಲ ಉಂಡವರು ಉಕ್ರೇನಿನ ಜನ.

ಕುವೈತಿನಲ್ಲಿ ಹಾಗಾಗಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿತು, 6ರಂದು ವ್ಯಾಪಾರ ನಿರ್ಬಂಧ ಬಂತು, 9ರಂದು ಈ ಸೇರ್ಪಡೆ ಅಸಿಂಧು ಎಂದು ಭದ್ರತಾ ಮಂಡಳಿ ಒಮ್ಮತದಿಂದ ಹೇಳಿತು. ಜನವರಿ 15ರ ಗಡುವು ಕೊಟ್ಟು, ಅದು ಮೀರಿದ ಮೇಲೆ ಸೈನ್ಯ ಇಳಿಸಿ ಫೆಬ್ರುವರಿ ಕೊನೆಗೆ ಬಿಡಿಸಿದರು. ನೀವು ಹೇಳುವ 'ಹೊಡೆದು ಓಡಿಸುವುದು' ಇದೇ. ಅಲ್ಲಿ ಎಣ್ಣೆ ಇತ್ತು, ಇರಾಕಿನ ಕೈಯಲ್ಲಿ ಅಣ್ವಸ್ತ್ರ ಇರಲಿಲ್ಲ, ಪರವಾಗಿ ವಿಟೋ ಎತ್ತುವ ದೊಡ್ಡ ದೇಶವೂ ಇರಲಿಲ್ಲ. ಮೂರೂ ಕೂಡಿಬರುವುದು ಅಪರೂಪ. ಆಗ ಅಲ್ಲಿ ಸಿಕ್ಕಿಹಾಕಿಕೊಂಡ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಜೋರ್ಡಾನಿನ ಅಮ್ಮಾನ್‌ನಿಂದ ಕರೆತಂದವು. 'ಯಾರದೋ ಜಾಗ' ಎನ್ನುತ್ತೀರಿ. ಆ ಜಾಗದಲ್ಲಿ ದುಡಿಮೆ, ಉಳಿತಾಯ ಎಲ್ಲ ಬಿಟ್ಟು ಉಟ್ಟಬಟ್ಟೆಯಲ್ಲಿ ಬಂದವರಲ್ಲಿ ಘಟ್ಟದ ಕೆಳಗಿನ ನಮ್ಮವರೂ ಇದ್ದರು.

ಈಸೂರಿನ ಮಾತು ಎತ್ತಿದಿರಿ. ಶಿಕಾರಿಪುರ ತಾಲ್ಲೂಕಿನ ಆ ಊರಿನವರ ಹತ್ತಿರ 1942ರಲ್ಲಿ ಸೈನ್ಯವಿರಲಿಲ್ಲ. ನಿಮ್ಮ ಆಡಳಿತವನ್ನು ನಾವು ಒಪ್ಪುವುದಿಲ್ಲ ಎಂದು ತಮ್ಮದೇ ಸರ್ಕಾರ ಮಾಡಿಕೊಂಡರು. ಅದರ ಹಿಂದೆಯೇ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಗೆಲ್ಲುವ ಬಲ ಇದೆಯೇ ಎಂದು ಮೊದಲು ಲೆಕ್ಕ ಹಾಕಿ ಆಮೇಲೆ ಬಾಯಿ ತೆರೆದವರಲ್ಲ ಅವರು. 'ಆಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು' ಎಂಬ ನಿಮ್ಮ ಮಾತಿಗೆ ಈಸೂರು ಸಾಕ್ಷಿ ಹೇಳುವುದಿಲ್ಲ.

ಗೋವಾದ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಅದು ಇನ್ನೊಂದು ದೇಶದ ನೆಲವಲ್ಲ, ಪೋರ್ಚುಗೀಸರ ವಸಾಹತು. 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಗೋವಾವನ್ನು ಸ್ವಯಮಾಡಳಿತ ಸಿಗದ ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. ಭಾರತ ಹದಿನಾಲ್ಕು ವರ್ಷ ಕಾದಿತ್ತು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ್ದರು. ಹಾಗಿದ್ದರೂ 1961ರ ಡಿಸೆಂಬರಿನಲ್ಲಿ ಸೈನ್ಯ ಕಳಿಸುವ ಮುಂಚೆಯಾಗಲಿ, ಕಳಿಸಿದ ಕೂಡಲೇ ಆಗಲಿ, ಗೋವಾದ ಜನರನ್ನು ಮತ ಹಾಕಿಸಿ ಕೇಳಲಿಲ್ಲ. ಕೇಳಿದ್ದರೆ ಜನ ನಮ್ಮ ಕಡೆಯೇ ನಿಲ್ಲುತ್ತಿದ್ದರು ಎಂದು ನಾನು ನಂಬುತ್ತೇನೆ, ಕೇಳಬೇಕಿತ್ತು ಎಂದೂ ನಂಬುತ್ತೇನೆ. ಭದ್ರತಾ ಮಂಡಳಿಯಲ್ಲಿ ಅಂದು ನಮ್ಮನ್ನು ಉಳಿಸಿದ್ದು ಸೋವಿಯತ್ ವಿಟೋ. ಆ ಋಣವನ್ನು ದೆಹಲಿ ಇವತ್ತಿಗೂ ನೆನೆಯುತ್ತದೆ. ಋಣ ಇರುವುದು ನಿಜ, ಅದನ್ನು ಉಕ್ರೇನಿನ ನೆಲದಿಂದ ತೀರಿಸುವುದು ಸರಿಯಲ್ಲ.

ಭಾರತ ಯಾಕೆ ತಲೆ ಕೊಡಬೇಕು ಎಂಬುದೇ ನಿಮ್ಮ ಪತ್ರದ ಮುಖ್ಯ ಪ್ರಶ್ನೆ. ಮೊದಲನೆಯದಾಗಿ, ನಮ್ಮ ಜಾಗವೂ ಹೋಗಿದೆ. ಅಕ್ಸಾಯ್ ಚಿನ್‌ನಲ್ಲಿ ಸುಮಾರು 38,000 ಚದರ ಕಿಲೋಮೀಟರ್ ಚೀನಾದ ಕೈಯಲ್ಲಿದೆ. 1963ರಲ್ಲಿ ಪಾಕಿಸ್ತಾನ ತನ್ನದಲ್ಲದ ಶಕ್ಸ್‌ಗಾಮ್ ಕಣಿವೆಯ 5,180 ಚದರ ಕಿಲೋಮೀಟರನ್ನು ಚೀನಾಕ್ಕೆ ಬರೆದುಕೊಟ್ಟಿತು. ನಾವು ಅದನ್ನು ಇವತ್ತಿನವರೆಗೂ ಒಪ್ಪಿಲ್ಲ. 1962ರ ನವೆಂಬರ್ 14ರಂದು, 1994ರ ಫೆಬ್ರುವರಿ 22ರಂದು ಸಂಸತ್ತು ಮಾಡಿದ ನಿರ್ಣಯಗಳು ಹಾಗೇ ನಿಂತಿವೆ. ಪಾಕಿಸ್ತಾನದ ಜೊತೆ 1972ರಲ್ಲಿ ಮಾಡಿಕೊಂಡ ಸಿಮ್ಲಾ ಒಪ್ಪಂದದಲ್ಲಿ ನಿಯಂತ್ರಣ ರೇಖೆಯನ್ನು ಗೌರವಿಸಲು ಒಪ್ಪಿದಾಗಲೂ, ಇದರಿಂದ ಯಾರ ನಿಲುವಿಗೂ ಬಾಧಕವಿಲ್ಲ ಎಂಬ ಮಾತು ಬರೆಸಿಕೊಂಡೆವು. ಗುಂಡು ನಿಲ್ಲಿಸಲು ಒಂದು ರೇಖೆ ಒಪ್ಪಬಹುದು, ಒಡೆತನ ಬರೆದುಕೊಡಬಾರದು. ಭಾರತ ಎಪ್ಪತ್ತು ವರ್ಷಗಳಿಂದ ನಡೆದುಕೊಂಡಿರುವುದು ಹೀಗೆ. ಉಕ್ರೇನ್ ನಾಳೆ ಕದನವಿರಾಮಕ್ಕೆ ಕೂತರೂ ಇಷ್ಟನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಇಂಥ ದೇಶ 2014ರ ಮಾರ್ಚ್ 27ರಂದು ಕ್ರಿಮಿಯಾದ ನಿರ್ಣಯ ಮಹಾಸಭೆಗೆ ಬಂದಾಗ ತಟಸ್ಥವಾಗಿ ಕೂತಿತು. ಪರ 100, ವಿರುದ್ಧ 11, ತಟಸ್ಥ 58, ಅದರಲ್ಲಿ ನಾವೂ ಒಬ್ಬರು. 2022ರ ಅಕ್ಟೋಬರ್ 12ರಂದು 143 ದೇಶಗಳು ಈ ಕಬಳಿಕೆ ಸಲ್ಲದು ಎಂದಾಗಲೂ ತಟಸ್ಥವಾಗಿದ್ದ 35ರಲ್ಲಿ ನಾವಿದ್ದೆವು. ಅದಕ್ಕೆ ಒಂದು ತಿಂಗಳ ಕೆಳಗೆ ಸಮರ್‌ಕಂದದಲ್ಲಿ ಪ್ರಧಾನಿ ಮೋದಿಯವರು ಪುಟಿನ್ ಎದುರಿಗೇ ಇದು ಯುದ್ಧದ ಕಾಲವಲ್ಲ ಎಂದಿದ್ದರು. ಆ ಮಾತಿಗೆ ಮತವೂ ಜೊತೆಯಾಗಬೇಕಿತ್ತು. ಸೇನೆಯ ಬಿಡಿಭಾಗ, ಗೊಬ್ಬರ, ತೈಲ ಎಂಬ ಕಾರಣಗಳನ್ನು ನಾನು ಹಗುರ ಮಾಡುವುದಿಲ್ಲ. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾತೈಲದಲ್ಲಿ ಶೇ. 2ರಷ್ಟೂ ಇರದಿದ್ದ ರಷ್ಯಾದ ಪಾಲು ಆಮೇಲೆ ಮೂರನೆಯ ಒಂದು ಭಾಗವನ್ನು ಮುಟ್ಟಿತು. ಬಡವರ ಒಲೆಯ ಲೆಕ್ಕ ಹಾಕುವ ಸರ್ಕಾರಕ್ಕೆ ಎಣ್ಣೆ ಕೊಳ್ಳಬೇಡ ಎಂದು ನಾನು ಹೇಳಲಾರೆ. ಆದರೆ ಎಣ್ಣೆ ಕೊಂಡುಕೊಂಡೇ, ನೀನು ಹಿಡಿದ ಜಾಗ ನಿನ್ನದಲ್ಲ ಎಂದು ಮತ ಹಾಕಬಹುದಿತ್ತು. ಮುಂದೆಂದಾದರೂ ಅಕ್ಸಾಯ್ ಚಿನ್ ವಿಚಾರವಾಗಿ ನಾವು ಬೇರೆಯವರ ಬೆಂಬಲ ಕೇಳುವ ದಿನ ಬಂದರೆ, ಇವೇ ಎರಡು ಮತಗಳ ದಾಖಲೆಯನ್ನು ನಮ್ಮ ಮುಂದೆ ಹಿಡಿಯುತ್ತಾರೆ.

ಇಥಿಯೋಪಿಯಾಕ್ಕೆ ಹೆಚ್ಚಿನವರು ಕೈಕೊಟ್ಟಾಗ, ಸಾವಿರಾರು ಮೈಲಿ ದೂರದ, ಅಲ್ಲಿ ಯಾವ ಲಾಭವೂ ಇಲ್ಲದ ಮೆಕ್ಸಿಕೋ ಇಟಲಿಯ ಕಬಳಿಕೆಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಅಡಿಸ್ ಅಬಾಬಾದಲ್ಲಿ ಇವತ್ತೂ ಮೆಕ್ಸಿಕೋ ಚೌಕ ಎಂಬ ಜಾಗವಿದೆ, ಮೆಕ್ಸಿಕೋ ನಗರದಲ್ಲಿ ಇಥಿಯೋಪಿಯಾ ಹೆಸರಿನ ವೃತ್ತವಿದೆ. ಮುಂದಿನ ಸಲ ಮಹಾಸಭೆಗೆ ಇಂಥ ನಿರ್ಣಯ ಬಂದಾಗ ಭಾರತ ಪರವಾಗಿ ಮತ ಹಾಕಬೇಕು, ಕಬಳಿಸಿದ ದೇಶ ರಷ್ಯಾ ಆಗಿರಲಿ, ಚೀನಾ ಆಗಿರಲಿ, ಅಮೆರಿಕವೇ ಆಗಿರಲಿ. ನಿಮಗೆ ಇದು ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ, ಪೂರ್ತಿ ಪ್ರಕಟಿಸುತ್ತೇವೆ.

— ಸಂಪಾದಕ, ಶಿವಮೊಗ್ಗ